ಪುಣೆಯ ಕಪ್ಪು ನೆಲದಲ್ಲಿ ಸೆಲರಿ: ಗೊಬ್ಬರ ಎಷ್ಟು, ಯಾವಾಗ

ಸೆಲರಿಗೆ ಹಸಿವು ಜಾಸ್ತಿ, ಬೇರು ಮಾತ್ರ ಮೇಲುಮೇಲೆ. ಒಮ್ಮೆಲೇ ಸುರಿದ ಯೂರಿಯಾದಲ್ಲಿ ಅದಕ್ಕೆ ದಕ್ಕುವುದು ಸ್ವಲ್ಪವೇ. ಉಳಿದದ್ದು ನೀರಿನ ಜೊತೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಸುಣ್ಣದ ಅಂಶವಿರುವ ಕಪ್ಪು ನೆಲದ ಮೇಲೆ ಎರಚಿ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಪಾಲು.

ಆಗಸ್ಟ್ ಕೊನೆಗೆ ಸಸಿಮಡಿ ಮಾಡಿ. ಬೀಜ ಮೊಳೆಯಲು ಬೆಳಕು ಬೇಕು, ಮಣ್ಣು ದಪ್ಪಗೆ ಮುಚ್ಚಬೇಡಿ. ಎರಡು ತಿಂಗಳ ಸಸಿಯನ್ನು ನವೆಂಬರ್ ಹೊತ್ತಿಗೆ ಸಾಲಿಗೆ 1 ಅಡಿ, ಗಿಡಕ್ಕೆ 9 ಇಂಚು ಅಂತರದಲ್ಲಿ ನೆಡಿ.

ಒಂದು ಗುಂಟೆಗೆ ನಾಟಿಗೆ ಮೊದಲು 200 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ (ಇಲ್ಲಿನ ಅಂಗಡಿಯಲ್ಲಿ ‘ಶೇಣಖತ’ ಅಂತ ಕೇಳಿ), 5 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್, ಒಂದೂವರೆ ಕಿಲೋ ಪೊಟ್ಯಾಷ್, 100 ಗ್ರಾಂ ಬೋರಾಕ್ಸ್. ಬೋರಾಕ್ಸನ್ನು ಒಂದು ಬುಟ್ಟಿ ಒಣ ಮಣ್ಣಿನಲ್ಲಿ ಕಲಸಿ ಎರಚಿದರೆ ಸಮನಾಗಿ ಬೀಳುತ್ತದೆ. ಅದು ಕಡಿಮೆಯಾದರೆ ದಂಟು ಅಡ್ಡಡ್ಡ ಸೀಳಿ ಕಂದಾಗುತ್ತದೆ. ಹೆಚ್ಚಾದರೆ ಮುಂದಿನ ಬೆಳೆಗೆ ಪೆಟ್ಟು, ಅದರಲ್ಲೂ ಬೀನ್ಸ್ ತಡೆಯುವುದೇ ಇಲ್ಲ.

ಯೂರಿಯಾ ಒಟ್ಟು 4 ಕಿಲೋ, ನಾಲ್ಕು ಕಂತು. ನಾಟಿಯಾದ 15ನೇ ದಿನ 1 ಕಿಲೋ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಸಾಲಿನ ಪಕ್ಕ ಗೀರು ಎಳೆದು ಹಾಕಿ, ಮುಚ್ಚಿ, ಅಂದೇ ನೀರು ಕೊಡಿ. ಕುಂಡದಲ್ಲಾದರೆ ಲೀಟರಿಗೆ 2 ಗ್ರಾಂ ಕರಗಿಸಿ, ಗಿಡಕ್ಕೆ ಅರ್ಧ ಲೀಟರ್ ಸಾಕು.

ಜನ ಎಡವುವುದು ಇಲ್ಲಿ. ಎಲೆ ಕಡುಹಸಿರಾಗಿ ಸೊಂಪಾಗಿ ಬರುತ್ತಿದೆ ಅಂತ ಇನ್ನೊಂದು ಹಿಡಿ ಯೂರಿಯಾ ಹಾಕುತ್ತಾರೆ. ವಾರ ಕಳೆದು ನಡುವಿನ ಗೊಂಚಲನ್ನು ಬಿಡಿಸಿ ನೋಡಿದರೆ ಎಳೆ ಸುಳಿಯ ಅಂಚು ಸುಟ್ಟಂತಾಗಿ, ಆಮೇಲೆ ಕಪ್ಪಗೆ ಕೊಳೆತು ಅಂಟುತ್ತಿರುತ್ತದೆ. ಇದು ಕ್ಯಾಲ್ಸಿಯಂ ಕೊರತೆ. ನೆಲದಲ್ಲಿ ಅಷ್ಟು ಸುಣ್ಣವಿದ್ದೂ ಏಕೆ? ಕ್ಯಾಲ್ಸಿಯಂ ಹೋಗುವುದು ಎಲೆ ಆವಿ ಬಿಡುವಾಗ ಮೇಲೇರುವ ನೀರಿನ ಜೊತೆ. ಹೊರಗಿನ ದೊಡ್ಡ ಎಲೆಗಳು ಅದನ್ನು ಎಳೆದುಕೊಳ್ಳುತ್ತವೆ, ಮುಚ್ಚಿಕೊಂಡ ಸುಳಿಗೆ ಸಿಗುವುದಿಲ್ಲ. ಯೂರಿಯಾದಲ್ಲಿರುವ ಸಾರಜನಕ ಬೆಳವಣಿಗೆಯನ್ನು ಓಡಿಸಿದಷ್ಟೂ ಸುಳಿ ಹಿಂದೆ ಬೀಳುತ್ತದೆ. ಅಮೋನಿಯಂ (ಯೂರಿಯಾ ಮಣ್ಣಿನಲ್ಲಿ ಮೊದಲು ತಾಳುವ ರೂಪ), ಪೊಟ್ಯಾಷ್ ಅತಿಯಾದರೂ ಬೇರು ಕ್ಯಾಲ್ಸಿಯಂ ಹೀರುವುದು ತಗ್ಗುತ್ತದೆ. ಹಾಗಾಗಿ ಇನ್ನಷ್ಟು ಸುಣ್ಣ ಎರಚುವುದು ದಂಡ. ಯೂರಿಯಾ ನಿಲ್ಲಿಸಿ, ಒಂದು ದಿನ ಒಣಗಿಸುವುದು, ಮರುದಿನ ಮುಳುಗಿಸುವುದು ಮಾಡದೆ ಹದವಾಗಿ ನೀರು ಕೊಡಿ, ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು ಸುಳಿಯೊಳಗೇ ಇಳಿಯುವಂತೆ ವಾರಕ್ಕೊಮ್ಮೆ ಸಿಂಪಡಿಸಿ. ಇದರ ಜೊತೆ ಫಾಸ್ಫೇಟ್, ಸಲ್ಫೇಟ್ ಬೆರೆಸಬೇಡಿ: ಗಸಿ ಕಟ್ಟಿ ನಾಝಲ್ ಮುಚ್ಚುತ್ತದೆ.

ಯೂರಿಯಾ ಹೆಚ್ಚಾದರೆ ದಂಟಿನೊಳಗಿನ ರಸಾಯನವೂ ಬದಲಾಗುತ್ತದೆ. ನೈಟ್ರೇಟ್ (ಗಿಡ ಹೀರುವ ಸಾರಜನಕದ ರೂಪ, ತಿನ್ನುವ ಭಾಗದಲ್ಲಿ ಕಡಿಮೆಯಿದ್ದಷ್ಟೂ ಒಳ್ಳೆಯದು) ಎಲೆಗಿಂತ ದಂಟಿನಲ್ಲೇ ಹೆಚ್ಚು ಕೂಡುತ್ತದೆ, ನಾವು ತಿನ್ನುವುದೂ ಅದನ್ನೇ. ಕೊಯ್ಲಿಗೆ ಮೂರು ವಾರ ಮೊದಲೇ ಕೊನೆಯ ಕಂತು ಮುಗಿದಿರಲಿ. ಬಿಸಿಲಿನಲ್ಲಿ ಗಿಡ ನೈಟ್ರೇಟನ್ನು ಬಳಸಿಕೊಳ್ಳುವುದರಿಂದ ಸಂಜೆ ಕೊಯ್ದದ್ದರಲ್ಲಿ ಅದು ಕಡಿಮೆ. ಮಾರ್ಕೆಟ್ ಯಾರ್ಡಿಗೆ (ಪುಣೆಯ ಸಗಟು ಮಾರುಕಟ್ಟೆ) ಕಳಿಸುವವರಿಗೆ ಗರಿಗರಿಯಾದ ಬೆಳಗಿನ ದಂಟೇ ಬೇಕು, ಅದು ಬೇರೆ ಮಾತು. ಮನೆಯ ಸೂಪಿಗಾದರೆ ಸಂಜೆ ಐದಕ್ಕೆ ಹೊರಗಿನ ದಂಟುಗಳನ್ನಷ್ಟೇ ಮುರಿದುಕೊಳ್ಳಿ, ಸುಳಿ ಬೆಳೆಯುತ್ತಿರಲಿ.