ಅಮೆರಿಕದ ಮತದಾರರ ಒಲವು ಬದಲಾದುದನ್ನು ಓದುವ ಬಗೆ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕೆಂಪು-ನೀಲಿ ನಕ್ಷೆಯನ್ನು ನೋಡಿದ ಕೂಡಲೇ ತೀರ್ಮಾನಕ್ಕೆ ಬರಬಾರದು. ಆ ಬಣ್ಣ (ರಿಪಬ್ಲಿಕನ್ ಪಕ್ಷಕ್ಕೆ ಕೆಂಪು, ಡೆಮಾಕ್ರಟಿಕ್ ಪಕ್ಷಕ್ಕೆ ನೀಲಿ) ಗೆದ್ದವರನ್ನು ತೋರಿಸುತ್ತದೆಯೇ ಹೊರತು ಗೆಲುವಿನ ಅಂತರವನ್ನಲ್ಲ.

ಮೊದಲು ಒಂದೇ ರಾಜ್ಯವನ್ನು ಆರಿಸಿಕೊಂಡು, ಚೌಕುಳಿ ಹಾಳೆಯ ಎಡಕ್ಕೆ ವರ್ಷಗಳನ್ನೂ ಬಲಕ್ಕೆ ಪಕ್ಷಗಳ ಶೇಕಡಾವಾರು ಮತಗಳನ್ನೂ ಬರೆಯಿರಿ. ದಕ್ಷಿಣದ ಮಿಸಿಸಿಪ್ಪಿಯನ್ನೇ ತೆಗೆದುಕೊಳ್ಳಿ: ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಜಾನ್ಸನ್ ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ 1964ರಲ್ಲೇ, ಅದನ್ನು ವಿರೋಧಿಸಿದ್ದ ರಿಪಬ್ಲಿಕನ್ ಅಭ್ಯರ್ಥಿ ಗೋಲ್ಡ್‌ವಾಟರ್ ಅಲ್ಲಿ ಶೇ 87ರಷ್ಟು ಮತ ಪಡೆದರು. ಈ ಅಂಕಿಯ ಪಕ್ಕದಲ್ಲಿ ಮತದಾರರ ಪಟ್ಟಿಯಲ್ಲಿ ಯಾರಿದ್ದರು ಎಂಬುದನ್ನೂ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿನ ಕಪ್ಪು ವರ್ಣೀಯರಲ್ಲಿ ಬಹುಪಾಲು ಜನರನ್ನು ಪಟ್ಟಿಯಿಂದಲೇ ಹೊರಗಿಡಲಾಗಿತ್ತು. ಇದನ್ನು ತಡೆಯುವ ಮತದಾನದ ಹಕ್ಕುಗಳ ಕಾಯ್ದೆ ಬಂದದ್ದು ಆ ಚುನಾವಣೆಯ ನಂತರ, 1965ರಲ್ಲಿ. ಈ ಅನ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. 1976ರಲ್ಲಿ ದಕ್ಷಿಣದ ಇನ್ನೊಂದು ರಾಜ್ಯವಾದ ಜಾರ್ಜಿಯಾದ ಕಾರ್ಟರ್ ಮಿಸಿಸಿಪ್ಪಿಯನ್ನು ಡೆಮಾಕ್ರಟಿಕ್ ಪಕ್ಷಕ್ಕೆ ಗೆದ್ದುಕೊಟ್ಟರು. ಬದಲಾವಣೆ ನೇರ ಗೆರೆಯಲ್ಲಿ ಸಾಗಿಲ್ಲ.

ಪ್ರದೇಶದ ಒಟ್ಟು ಮತದಿಂದ ಒಂದು ಜನಾಂಗದ ಒಲವನ್ನು ಊಹಿಸಬೇಡಿ. ಸಿಂದಗಿಯ ಒಂದು ಮತಗಟ್ಟೆಯ ಎಣಿಕೆಯನ್ನು ನೋಡಿ ಯಾವ ಓಣಿಯವರು ಯಾರಿಗೆ ಹಾಕಿದರೆಂದು ಹೇಳಲಾಗದು. ಆದರೆ ಬಹುತೇಕ ಎಲ್ಲರೂ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರು) ಆಗಿರುವ ಟೆಕ್ಸಾಸ್‌ನ ಸ್ಟಾರ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ), 1892ರ ನಂತರ ಮೊದಲ ಬಾರಿಗೆ 2024ರಲ್ಲಿ ರಿಪಬ್ಲಿಕನ್ನರಿಗೆ ಒಲಿದಾಗ, ಅಂಥ ಊಹೆಗೆ ಹೆಚ್ಚಿನ ಆಧಾರವಿರುತ್ತದೆ.