ಇಂಕ್ಸ್ ಲೇಕ್‌ಗೆ ಆರ್‌ವಿಯಲ್ಲಿ: ಟೆಕ್ಸಸ್‌ಗೆ ಹೊಸದಾಗಿ ಬಂದವರಿಗೆ

ಆಸ್ಟಿನ್‌ನಿಂದ ವಾಯವ್ಯಕ್ಕೆ ಒಂದೂವರೆ ಗಂಟೆಯೊಳಗೆ ಸಿಗುವ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್ ಮೊದಲ ಆರ್‌ವಿ (ಮಲಗಲು, ಅಡುಗೆಗೆ, ಸ್ನಾನಕ್ಕೆ ಜಾಗವಿರುವ ಮನೆಯಂಥ ಗಾಡಿ) ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ. ಕೊಲೊರಾಡೊ ನದಿಗೆ 1938ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿಂದೆ ನಿಂತ ನೀರು ಇದು. ಬೇಸಿಗೆಯಲ್ಲಿ ಟೆಕ್ಸಸ್‌ನ ಬೇರೆ ಕೆರೆಗಳು ಇಳಿದು ದಡದ ಕೆಸರು ಕಂಡರೂ ಇಲ್ಲಿ ನೀರಿನ ಮಟ್ಟ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಗುಲಾಬಿ ಬಣ್ಣದ ಬಂಡೆ, ಈಜು, ಕಯಾಕ್, ಎಲ್ಲವೂ ಸುಲಭ. ಕಷ್ಟವಿರುವುದು ಗಾಡಿಯ ಒಳಗಿನ ಲೆಕ್ಕದಲ್ಲಿ: ನೀರು, ಕರೆಂಟು, ಕೊಳಚೆ.

ಮೊದಲು ಬುಕಿಂಗ್. ಟೆಕ್ಸಸ್ ಸ್ಟೇಟ್ ಪಾರ್ಕ್‌ಗಳಲ್ಲಿ 5 ತಿಂಗಳು ಮುಂಚಿತವಾಗಿ ಸೈಟ್, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗ, ಕಾದಿರಿಸಬಹುದು. ಮಾರ್ಚ್ ನಡುವಿನ ಸ್ಪ್ರಿಂಗ್ ಬ್ರೇಕ್‌ಗೆ ಅಕ್ಟೋಬರ್ ನಡುವಿನಲ್ಲೇ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್‌ಗೆ ಜೂನ್ ಕೊನೆಯಲ್ಲೇ ಕೂತು ಹಿಡಿಯಬೇಕು. ತಪ್ಪಿಹೋದರೆ ಹೊರಡುವ ವಾರ ದಿನಕ್ಕೆರಡು ಸಲ ನೋಡುತ್ತಿರಿ, ರದ್ದಾದ ಸೈಟ್‌ಗಳು ಮರಳಿ ಬರುತ್ತವೆ. ಬುಕ್ ಮಾಡುವಾಗ ಕರೆಂಟು 30 ಆಂಪಿಯರ್‌ದೋ 50ರದೋ, ಸೈಟಿನ ಉದ್ದಕ್ಕೆ ನಿಮ್ಮ ಗಾಡಿ ಹಿಡಿಸುತ್ತದೋ ಎಂದು ನೋಡಿ. ಒಂದು ಸೈಟಿಗೆ 8 ಜನ ಮಾತ್ರ. ಸೈಟಿನ ಬಾಡಿಗೆಯ ಮೇಲೆ ತಲಾ ಪ್ರವೇಶ ಶುಲ್ಕ ಬೇರೆ, 12 ವರ್ಷದವರೆಗಿನ ಮಕ್ಕಳಿಗೆ ಇಲ್ಲ. ವರ್ಷದಲ್ಲಿ ಎರಡು ಮೂರು ಸಲ ಹೋಗುವವರಿಗೆ 70 ಡಾಲರ್‌ನ ವಾರ್ಷಿಕ ಪಾಸ್ ಲಾಭ, ಅದೇ ಗಾಡಿಯಲ್ಲಿದ್ದವರೆಲ್ಲರ ಪ್ರವೇಶ ಅದರಲ್ಲೇ ಮುಗಿಯುತ್ತದೆ.

ಬಾಡಿಗೆಗೆ ‘ಕ್ಲಾಸ್ ಸಿ’ ಸಾಕು, ಟ್ರಕ್ಕಿನ ಮುಂಭಾಗಕ್ಕೆ ಮನೆ ಕೂರಿಸಿದಂತಿರುತ್ತದಲ್ಲ, ಅದು. ‘ಆರು ಜನ ಮಲಗಬಹುದು’ ಎಂದು ಬರೆದಿದ್ದರೆ ಆರು ಸೀಟ್‌ಬೆಲ್ಟ್ ಇದೆ ಎಂದರ್ಥವಲ್ಲ, ಬೆಲ್ಟ್ ಎಣಿಸಿ. ಎಂಟು ವರ್ಷದೊಳಗಿನ, 4 ಅಡಿ 9 ಇಂಚಿಗಿಂತ ಕುಳ್ಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಪಕ್ಕಕ್ಕೆ ಮುಖಮಾಡಿದ ಸೀಟಿನಲ್ಲಿ ಅದನ್ನು ಕಟ್ಟುವಂತಿಲ್ಲ. ನಿಮ್ಮ ಕಾರಿನ ಇನ್ಶೂರೆನ್ಸ್ ಆರ್‌ವಿಗೂ ಸಲ್ಲುತ್ತದೆ ಎಂದುಕೊಳ್ಳಬೇಡಿ. ದಿನದ ಬಾಡಿಗೆಯ ಜೊತೆ ಓಡಿದ ಪ್ರತಿ ಮೈಲಿಗೆ, ಜನರೇಟರ್ ಓಡಿದ ಪ್ರತಿ ಗಂಟೆಗೆ, ಟ್ಯಾಂಕ್ ಖಾಲಿ ಮಾಡದಿದ್ದರೆ ಅದಕ್ಕೆ ಎಂದು ಬಿಲ್ ಬೆಳೆಯುತ್ತದೆ, ಮೊದಲೇ ಕೇಳಿ. ಗಾಡಿ ಪಡೆಯುವಾಗ ಒಳಗೂ ಹೊರಗೂ ವಿಡಿಯೊ ಮಾಡಿಟ್ಟುಕೊಳ್ಳಿ.

ಓಡಿಸುವಾಗ ಎತ್ತರದ ಮೇಲೆ ಕಣ್ಣಿರಲಿ. ಇಂಥ ಗಾಡಿ 11–12 ಅಡಿ ಎತ್ತರ ಇರುತ್ತದೆ, ಊಟದ ಡ್ರೈವ್‌ಥ್ರೂ ಹತ್ತಿರ ಹೋಗಲೇಬೇಡಿ. ಹಿಂದಿನ ಚಕ್ರದಾಚೆ ಚಾಚಿಕೊಂಡ ಭಾಗ ತಿರುವಿನಲ್ಲಿ ಎದುರು ದಿಕ್ಕಿಗೆ ಬೀಸುತ್ತದೆ, ಪೆಟ್ರೋಲ್ ಬಂಕ್‌ನ ಕಂಬಗಳಿಗೆ ತಗಲುವುದು ಹೀಗೇ. ಬಂಕ್‌ನಲ್ಲಿ ಹಸಿರು ಹಿಡಿ ಹೆಚ್ಚಿನ ಕಡೆ ಡೀಸೆಲ್‌ದು. ಬಾಡಿಗೆ ಕ್ಲಾಸ್ ಸಿಗಳು ಹೆಚ್ಚಾಗಿ ಗ್ಯಾಸೊಲಿನ್‌ನವು, ಅಂದರೆ ನಮ್ಮ ಪೆಟ್ರೋಲ್. ಹಿಡಿಯ ಬಣ್ಣ ನಂಬದೆ ಚೀಟಿ ಓದಿ.

ಸೈಟ್ ತಲುಪಿದ ಮೇಲೆ ಕ್ರಮ ಮುಖ್ಯ. ಮೊದಲು ಗಾಡಿಯನ್ನು ಸಮಮಟ್ಟಕ್ಕೆ ತನ್ನಿ, ತಗ್ಗಿನ ಕಡೆಯ ಚಕ್ರಕ್ಕೆ ಪ್ಲಾಸ್ಟಿಕ್ ಹಲಗೆ ಇಟ್ಟು ಹತ್ತಿಸಿ. ಗ್ಯಾಸ್‌ನಲ್ಲೂ ಓಡುವ ಫ್ರಿಜ್ ವಾಲಿದ್ದರೆ ತಣ್ಣಗಾಗುವುದಿಲ್ಲ, ತೊಂದರೆ ಗೊತ್ತಾಗುವುದು ಮೊಸರು ಹುಳಿಯಾದ ಮೇಲೆ. ಆಮೇಲೆ ಚಕ್ರಗಳಿಗೆ ಅಡ್ಡಗಟ್ಟೆ. ಸೈಟಿನ ಕರೆಂಟು ಕಂಬದ ಬ್ರೇಕರ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರ್ (ಕರೆಂಟು ಏಕಾಏಕಿ ಏರಿದರೆ ಗಾಡಿಯನ್ನು ಕಾಯುವ ಸಾಧನ) ಹಾಕಿ, ಕೇಬಲ್ ಸೇರಿಸಿ ಆನ್ ಮಾಡಿ. ನೀರಿಗೆ, ನಲ್ಲಿ ಮೊದಲು, ನಂತರ ಒತ್ತಡ ಕುಗ್ಗಿಸುವ ರೆಗ್ಯುಲೇಟರ್, ನಂತರ ಕುಡಿಯುವ ನೀರಿನ ಬಿಳಿ ಪೈಪು. ರೆಗ್ಯುಲೇಟರ್ ಬಿಟ್ಟರೆ ಗಾಡಿಯೊಳಗಿನ ತೆಳು ಪೈಪುಗಳು ಸೀಳಬಹುದು.

30 ಆಂಪಿಯರ್ ಎಂದರೆ 120 ವೋಲ್ಟ್‌ನಲ್ಲಿ 3600 ವ್ಯಾಟ್, ಅಷ್ಟೇ. ಎಸಿ ಒಂದೇ ಸುಮಾರು 1500 ತಿನ್ನುತ್ತದೆ. ಅದರ ಮೇಲೆ 1800 ವ್ಯಾಟ್‌ನ ಇಂಡಕ್ಷನ್ ಒಲೆಯಲ್ಲಿ ದೋಸೆ ಹುಯ್ಯುತ್ತಾ ಮೈಕ್ರೊವೇವ್ ಒತ್ತಿದರೆ ಎಲ್ಲ ಕತ್ತಲು. ಊರಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ನಡೆಯದು. ಚಟ್ನಿ ರುಬ್ಬಿ, ಹಿಟ್ಟು ಹುದುಗಿಸಿ ಡಬ್ಬಿಯಲ್ಲೇ ತನ್ನಿ. ಮರೆತ ತರಕಾರಿ, ಹಾಲಿಗೆ ಬರ್ನೆಟ್ ಊರಿನ ಅಂಗಡಿಗಳಿವೆ. ಒಗ್ಗರಣೆಯನ್ನು ಹೊರಗಿನ ಒಲೆಯಲ್ಲೇ ಹಾಕಿ, ಒಳಗೆ ಹಾಕಿದರೆ ಸಾಸಿವೆ ಸಿಡಿಯುವ ಮೊದಲೇ ಹೊಗೆ ಅಲಾರಂ ಕೂಗುತ್ತದೆ. ಅದರ ಬ್ಯಾಟರಿ ಮಾತ್ರ ಕೀಳಬೇಡಿ. ಕುಕ್ಕರ್ ಸೀಟಿಯನ್ನೂ ಬೆಳಿಗ್ಗೆ ಆರರ ಮೇಲೆ ಇಟ್ಟುಕೊಳ್ಳಿ, ರಾತ್ರಿ 10ರಿಂದ 6ರವರೆಗೆ ಸದ್ದು ಮಾಡುವಂತಿಲ್ಲ.

ಈಗ ಟ್ಯಾಂಕ್‌ಗಳು. ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕಿಗೆ, ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಎರಡೂ ಸುಮಾರು 30 ಗ್ಯಾಲನ್‌ನಷ್ಟು. ನಾಲ್ಕು ಜನ ಒಳಗೇ ಸ್ನಾನ ಮಾಡಿದರೆ ಗ್ರೇ ಒಂದೂವರೆ ದಿನಕ್ಕೆ ತುಂಬುತ್ತದೆ. ಪಾರ್ಕಿನ ಸ್ನಾನದ ಮನೆಗೆ ಹೋಗಿ. ಸಾರಿನ ಬೇಳೆ, ಅನ್ನದ ಅಗುಳು, ಎಣ್ಣೆ ಸಿಂಕಿಗೆ ಬೀಳಬಾರದು, ತಟ್ಟೆಯನ್ನು ಕಾಗದದಲ್ಲಿ ಒರೆಸಿ ತೊಳೆಯಿರಿ. ಬ್ಲ್ಯಾಕ್ ಟ್ಯಾಂಕಿನ ಹಿರಿಯ ಶತ್ರು ನೀರಿನ ಕೊರತೆ. ನೀರು ಕಮ್ಮಿಯಾದರೆ ಮಲ, ಕಾಗದ ಸೇರಿ ಗೋಪುರದಂತೆ ಗಟ್ಟಿಯಾಗಿ ಕೂರುತ್ತದೆ. ಈ ವಿಷಯದಲ್ಲಿ ನಮ್ಮ ಚೊಂಬಿನ ಅಭ್ಯಾಸವೇ ಒಳ್ಳೆಯದು, ಜೊತೆಗೆ ಸುಲಭವಾಗಿ ಕರಗುವ ಆರ್‌ವಿ ಕಾಗದ. ವೆಟ್ ವೈಪ್ ಖಂಡಿತ ಬೇಡ.

ನೀರಿನ ಹತ್ತಿರ ಲೈಫ್‌ಗಾರ್ಡ್ ಇರುವುದಿಲ್ಲ. ‘ಡೆವಿಲ್ಸ್ ವಾಟರ್‌ಹೋಲ್’ ಎಂಬಲ್ಲಿ ಬಂಡೆ ಮೇಲಿಂದ ಹಾರುವವರು ಸದಾ ಇರುತ್ತಾರೆ. ಆಳ ಗೊತ್ತಿಲ್ಲದೆ ಅವರನ್ನು ಅನುಕರಿಸಬೇಡಿ. ದೋಣಿ ಅಥವಾ ಕಯಾಕ್‌ನಲ್ಲಿ 13 ವರ್ಷದೊಳಗಿನವರು ಲೈಫ್ ಜಾಕೆಟ್ ತೊಡಲೇಬೇಕು. ಪಾರ್ಕಿನ ದಡದಿಂದ ಮೀನು ಹಿಡಿಯಲು ಲೈಸೆನ್ಸ್ ಬೇಡ. ಬಹಿರಂಗವಾಗಿ ಮದ್ಯ ಕುಡಿಯುವುದು ನಿಷಿದ್ಧ. ಬೆಂಕಿ ನಿಷೇಧ ಜಾರಿಯಲ್ಲಿದೆಯೇ ಎಂದು ಹೊರಡುವ ದಿನ ನೋಡಿ. ಹುಲ್ಲಿನಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಬೆಂಕಿ ಇರುವೆ ಕಚ್ಚುತ್ತದೆ, ಬೂಟು ಹಾಕಿಸಿ.

ಹೊರಡುವ ದಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಕೈಗವಸು ಹಾಕಿ, ಕೊಳಚೆ ಹೋಸ್ ಭದ್ರವಾಗಿ ಕಚ್ಚಿಕೊಂಡಿದೆಯೇ ಎಳೆದು ನೋಡಿ. ಮೊದಲು ಬ್ಲ್ಯಾಕ್ ವಾಲ್ವ್ ತೆರೆದು ಪೂರ್ತಿ ಹರಿಯಲು ಬಿಡಿ, ಮುಚ್ಚಿ, ಆಮೇಲೆ ಗ್ರೇ ತೆರೆಯಿರಿ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಕ್ರಮ ಉಲ್ಟಾ ಆದರೆ ಹೊಲಸು ಹೋಸನ್ನೇ ಮಡಿಚಿ ಒಳಗಿಡಬೇಕಾಗುತ್ತದೆ. ಅಲ್ಲಿ ತೊಳೆಯಲು ಇಟ್ಟ ನಲ್ಲಿಗೆ ಕುಡಿಯುವ ನೀರಿನ ಬಿಳಿ ಪೈಪನ್ನು ಯಾವತ್ತೂ ಸಿಕ್ಕಿಸಬೇಡಿ. ವಾರಾಂತ್ಯದ ಕೊನೆಗೆ ಅಲ್ಲಿ ಸಾಲು ಇರುತ್ತದೆ, ಸೈಟ್ ಬಿಡುವ ಸಮಯ ಮಧ್ಯಾಹ್ನ 12. ತಿಂಡಿ ಮುಗಿಸಿದ ಕೂಡಲೇ ಗಾಡಿ ಎತ್ತಿ.