ಸಕ್ಕರೆ ಕಾಯಿಲೆಯ ಇಲಿಗಳ ವಸಡಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ: ನಾನು ಮಾಡುವ ಬಗೆ

ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಶಬ್ದ) ತಾಗಿದ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಸತ್ವ, ಕೋಶಗಳಿಗೆ ಹಾನಿ ಮಾಡುವ ಕ್ರಿಯಾಶೀಲ ಆಮ್ಲಜನಕ ಹುಟ್ಟಿಸಿ ವಸಡಿನ ಸಂದಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಡಕೆಂದರೆ, ಸಕ್ಕರೆ ಏರಿದ ವಸಡಿನಲ್ಲಿ ಅದೇ ಆಮ್ಲಜನಕದ ಹೊರೆ ಮೊದಲೇ ಇರುತ್ತದೆ, ಗಾಯವೂ ನಿಧಾನಕ್ಕೆ ಮಾಯುತ್ತದೆ. ಅದಕ್ಕೇ ಕಡಿಮೆ ಪ್ರಮಾಣದಿಂದ ಶುರುಮಾಡುತ್ತೇನೆ.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಉಪವಾಸವಿಟ್ಟ ಇಲಿಗೆ ಪ್ರತಿ ಕೆಜಿ ತೂಕಕ್ಕೆ 60 ಮಿಗ್ರಾಂ ಸ್ಟ್ರೆಪ್ಟೊಜೊಟೊಸಿನ್ (ಸಕ್ಕರೆ ಕಾಯಿಲೆ ಬರಿಸುವ ಮದ್ದು) ಅನ್ನು ಹೊಟ್ಟೆಯೊಳಕ್ಕೆ ಚುಚ್ಚುತ್ತೇನೆ. ಪಿಎಚ್ 4.5ರ ತಣ್ಣನೆಯ ಸಿಟ್ರೇಟ್ ಬಫರ್‌ನಲ್ಲಿ ಕರಗಿಸಿ ಕೂಡಲೇ ಬಳಸಬೇಕು. ತಡವಾದರೆ ಮದ್ದು ಒಡೆದುಹೋಗಿ ಕೆಲವು ಇಲಿಗಳಿಗೆ ಕಾಯಿಲೆಯೇ ಬರುವುದಿಲ್ಲ. ಈ ಮದ್ದಿಗೆ ಸಾಯುವ ಬೀಟಾ ಕೋಶಗಳು (ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವವು) ಇನ್ಸುಲಿನ್ ಸುರಿಸುವುದರಿಂದ ಮೊದಲ ರಾತ್ರಿ ಸಕ್ಕರೆ ಕುಸಿಯುತ್ತದೆ, ಆಗ ಕುಡಿಯಲು 10% ಸುಕ್ರೋಸ್ ನೀರು. 72 ಗಂಟೆಯ ಬಳಿಕ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 300 ಮಿಗ್ರಾಂ ದಾಟಿದವನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಅರಿವಳಿಕೆಗೆ ಕೊಡುವ ಜೈಲಜೀನ್ ತಾನೇ ಸಕ್ಕರೆ ಏರಿಸುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ಅದಕ್ಕೂ ಮೊದಲು.

ವಸಡಿನ ಕಾಯಿಲೆ ಬರಿಸಲು ಮೇಲ್ದವಡೆಯ ಎರಡನೇ ದವಡೆ ಹಲ್ಲಿಗೆ 5-0 ರೇಷ್ಮೆ ದಾರ ಕಟ್ಟಿ ಎರಡು ವಾರ ಬಿಡುತ್ತೇನೆ. ದಾರ ಉದುರುತ್ತಿರುತ್ತದೆ, ಆಗಾಗ ನೋಡಬೇಕು. ಚಿಕಿತ್ಸೆಗೆ ಮುನ್ನ ಎಲ್ಲ ಗುಂಪುಗಳಲ್ಲೂ ಒಂದೇ ದಿನ ದಾರ ಬಿಚ್ಚಬೇಕು; ಬಿಚ್ಚಿದ್ದಕ್ಕೇ ವಸಡು ಚೇತರಿಸಿಕೊಳ್ಳತೊಡಗುತ್ತದೆ.

ಕರ್ಕ್ಯುಮಿನ್ ನೀಲಿ ಬೆಳಕಿಗೂ ಕ್ರಿಯಾಶೀಲವಾಗುತ್ತದೆ. ಸಿರಿಂಜಿಗೆ ಫಾಯಿಲ್ ಸುತ್ತಿ, ಮಂದ ಕೆಂಪು ದೀಪದಲ್ಲಿ ಸಂದಿಗೆ ಹಾಕುತ್ತೇನೆ. ಆಮೇಲೆ ಕೆನ್ನೆಯ ಮೇಲಿಂದ 1 ಮೆಗಾಹರ್ಟ್ಸ್, ಚದರ ಸೆಂ.ಮೀ.ಗೆ 1 ವಾಟ್, ಅರ್ಧ ಸಮಯ ಆನ್ ಅರ್ಧ ಆಫ್, 3 ನಿಮಿಷ. ಯಂತ್ರದ ಗುಂಡಿ ತೋರಿಸುವ ವಾಟ್ ನಂಬುವಂಥದ್ದಲ್ಲ, ಪವರ್ ಮೀಟರ್‌ನಲ್ಲಿ ಅಳೆಯಲೇಬೇಕು. ಕೂದಲಲ್ಲಿ ಸಿಕ್ಕ ಗಾಳಿಯೂ ಜೆಲ್‌ನ ಗುಳ್ಳೆಯೂ ಶಬ್ದವನ್ನು ಹಿಂದಕ್ಕೆ ತಳ್ಳುತ್ತವೆ. ಕೆನ್ನೆ ಬೋಳಿಸಿ, ಗಾಳಿ ತೆಗೆದ ಜೆಲ್ ಹಚ್ಚಬೇಕು. ಕೆನ್ನೆಗೆ ಒತ್ತುವ ಪ್ರೋಬ್‌ನ ಮುಖ ತಾನೇ ಬಿಸಿಯಾಗುತ್ತದೆ, ಮೂಳೆಯೂ ಶಬ್ದ ಹೀರಿ ಬಿಸಿಯಾಗುತ್ತದೆ. ವಸಡಿಗೆ ತೆಳು ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು, 40 ಡಿಗ್ರಿ ಮುಟ್ಟಿದರೆ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸತ್ತದ್ದು ಶಾಖಕ್ಕೋ ಔಷಧಿಗೋ ಹೇಳಲಾಗದು.

ಬಾಯಿಯ ಇನ್ನೊಂದು ಬದಿಯನ್ನು ಹೋಲಿಕೆಗೆ ಬಳಸುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ, ಅಷ್ಟು ಪುಟ್ಟ ತಲೆಯಲ್ಲಿ ಶಬ್ದ ಆಚೆಗೂ ಹಾಯುತ್ತದೆ. ಬೇರೆ ಇಲಿಗಳೇ ಬೇಕು: ಏನೂ ಇಲ್ಲದವು, ಶಬ್ದ ಮಾತ್ರ, ಕರ್ಕ್ಯುಮಿನ್ ಮಾತ್ರ, ಎರಡೂ, ಸಕ್ಕರೆಯಿಲ್ಲದ ಇಲಿಗಳಲ್ಲೂ ಇದೇ ನಾಲ್ಕು. ಕರ್ಕ್ಯುಮಿನ್ ತಾನಾಗಿಯೂ ಉರಿಯೂತ ತಗ್ಗಿಸುತ್ತದೆ, ಹಾಗಾಗಿ ಮೂರನೆಯದನ್ನು ಬಿಡುವಂತಿಲ್ಲ.

ಕೊನೆಗೆ ಮೂಳೆ ಎಷ್ಟು ಸವೆದಿದೆ ಎಂದು ತಿಳಿಯಲು ಮೈಕ್ರೊ-ಸಿಟಿಯಲ್ಲಿ (ಅತಿ ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನ್) ಹಲ್ಲಿನ ಎನಾಮೆಲ್ ಅಂಚಿನಿಂದ ಮೂಳೆಯ ತುದಿಗಿರುವ ದೂರ ಅಳೆಯಿಸುತ್ತೇನೆ, ಗುಂಪು ಯಾವುದೆಂದು ತಿಳಿಯದವರಿಂದ. ಜೊತೆಗೆ ಪ್ರತಿ ಇಲಿಯ ತೂಕ, ಸಕ್ಕರೆ ಮಟ್ಟ ಬರೆದಿಡಬೇಕು. ಬಾಯಿ ನೋವಿಗೆ ತಿನ್ನುವುದು ಕಡಿಮೆಯಾಗಿ ಸಕ್ಕರೆ ಇಳಿದಿದ್ದರೆ, ವಸಡಿನ ಸುಧಾರಣೆಗೆ ಅದೂ ಕಾರಣವಾಗಿರಬಹುದು.